ಮಾಸ್ತಿ ವೆಂಕಟೇಶ ಅಯ್ಯಂಗಾರರ ಬದುಕು ಮತ್ತು ‘ಚಿಕವೀರ ರಾಜೇಂದ್ರ’ದ ಓದು

ಕನ್ನಡಕ್ಕೆ ದೊರೆತ ಜ್ಞಾನಪೀಠ ಪ್ರಶಸ್ತಿಗಳಲ್ಲಿ ನಾಲ್ಕನೆಯದು ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ ಸಂದಿತು. ಕುವೆಂಪು, ಬೇಂದ್ರೆ, ಶಿವರಾಮ ಕಾರಂತರ ಅನಂತರ, 1983ನೆಯ ಸಾಲಿಗೆ ಈ ಗೌರವ ಬಂದಾಗ ಮಾಸ್ತಿಯವರು ತೊಂಬತ್ತೆರಡು ವರ್ಷದ ಹಿರಿಯರು. ಪ್ರಶಸ್ತಿಯೊಂದಿಗೆ ಹೆಸರಿಸಲಾದ ಕೃತಿ ‘ಚಿಕವೀರ ರಾಜೇಂದ್ರ’. ಅದು ಪ್ರಕಟವಾದದ್ದು 1956ರಲ್ಲಿ. ಒಂದು ಕಾದಂಬರಿ ತನ್ನ ಗೌರವಕ್ಕಾಗಿ ಇಪ್ಪತ್ತೇಳು ವರ್ಷ ಕಾದಿತ್ತು.

ಮಾಸ್ತಿಯವರನ್ನು ಸಣ್ಣಕಥೆಯ ಪ್ರವರ್ತಕರೆಂದು ಬಲ್ಲ ಕನ್ನಡಿಗರು ಅಸಂಖ್ಯರು. ‘ಮೊಸರಿನ ಮಂಗಮ್ಮ’ನನ್ನೋ ‘ವೆಂಕಟಿಗನ ಹೆಂಡತಿ’ಯನ್ನೋ ಶಾಲೆಯ ಪಾಠದಲ್ಲಿ ಓದದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆದರೆ ‘ಚಿಕವೀರ ರಾಜೇಂದ್ರ’ವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರ ಸಂಖ್ಯೆ ಅಷ್ಟಿಲ್ಲ. ಗಾತ್ರ ದೊಡ್ಡದು, ಪಾತ್ರಗಳು ಬಹಳ, ಕಥೆಯ ನಡಿಗೆ ನಿಧಾನ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಕೊಡಗಿನ ಮನೆತನಗಳ ಹೆಸರುಗಳೂ ನಾಡುಗಳ ವಿವರಗಳೂ ದೂರದವೆನಿಸುತ್ತವೆ. ಅರ್ಧದಲ್ಲಿ ನಿಂತುಹೋದ ಓದನ್ನು ಮತ್ತೆ ಕೈಗೆತ್ತಿಕೊಳ್ಳಲು ಒಂದು ದಾರಿ ಇದೆಯೆಂದು ನಮಗೆ ತೋರುತ್ತದೆ. ಅದು ಮಾಸ್ತಿಯವರ ಬದುಕಿನ ಮೂಲಕ ಸಾಗುವ ದಾರಿ. ರಾಜ್ಯವೊಂದು ಹೇಗೆ ನಡೆಯುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನು ಒಳಗಿನಿಂದ ಕಂಡ ಅಧಿಕಾರಿಯೊಬ್ಬರು ಈ ಕಾದಂಬರಿಯನ್ನು ಬರೆದರು ಎಂಬುದು ಮನಸ್ಸಿಗೆ ಬಂದರೆ, ಅದರ ದಟ್ಟಣೆಗೆ ಕಾರಣವೂ ತಿಳಿಯುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಾಸ್ತಿಯವರು ಜನಿಸಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಅವರ ಹೆಸರಿನೊಡನೆ ಸೇರಿಹೋಗಿರುವ ಮಾಸ್ತಿ ಗ್ರಾಮವೂ ಅದೇ ಸೀಮೆಯದು. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಒಂದು ಕಾಲಕ್ಕೆ ಅನುಕೂಲವಾಗಿ ಬಾಳಿದ ಶ್ರೀವೈಷ್ಣವ ಮನೆತನ ಅದು. ವೆಂಕಟೇಶನೆಂಬ ಬಾಲಕ ಕಣ್ಣು ಬಿಡುವ ವೇಳೆಗೆ ಸಂಪತ್ತು ಕರಗಿ ಹೆಸರು ಮಾತ್ರ ಉಳಿದಿತ್ತು. ಹಿರಿಯ ಮನೆಯೊಂದು ಕ್ರಮೇಣ ಇಳಿಯುವುದನ್ನು ಅವರು ಅರಿತದ್ದು ಪುಸ್ತಕಗಳಿಂದಲ್ಲ. ಬಂಧುಗಳ ಆಶ್ರಯದಲ್ಲಿ, ಊರಿಂದೂರಿಗೆ ಸಾಗುತ್ತ, ಕಷ್ಟದಲ್ಲಿ ವಿದ್ಯೆ ನಡೆಯಿತು.

ಮನೆಯಲ್ಲಿ ಆಡುತ್ತಿದ್ದ ಮಾತು ತಮಿಳು. ಇದು ಹೊರನಾಡ ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕಾದ ಸಂಗತಿ. ಮನೆಯ ಭಾಷೆ ಒಂದು, ನೆಲದ ಭಾಷೆ ಇನ್ನೊಂದು ಆಗಿರುವ ಸ್ಥಿತಿ ನಮ್ಮ ಮಕ್ಕಳಿಗೆ ಹೊಸದಲ್ಲ. ಬಾಲಕ ವೆಂಕಟೇಶ ನೆಲದ ಭಾಷೆಯನ್ನು ಒಲಿಸಿಕೊಂಡು, ಅದರಲ್ಲಿ ಬರೆದು, ಅದರ ಹಿರಿಯರಲ್ಲಿ ಒಬ್ಬನಾದ. ಮನೆಯ ತಮಿಳನ್ನೂ ಆ ತಮಿಳಿನ ಆಳ್ವಾರರ ಭಕ್ತಿಯನ್ನೂ ಅವರು ತೊರೆಯಲಿಲ್ಲ. ಒಂದು ಭಾಷೆಯ ಪ್ರೀತಿಗೆ ಇನ್ನೊಂದರ ಪ್ರೀತಿ ಅಡ್ಡ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮಗೆ ಬೇಕಿಲ್ಲ.

ಮೈಸೂರು, ಬೆಂಗಳೂರುಗಳಲ್ಲಿ ಕಲಿತ ಮೇಲೆ ಅವರು ಮದರಾಸಿಗೆ ಹೋದರು. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದರು, ಚಿನ್ನದ ಪದಕದೊಡನೆ. ಆಗ ಇಂಗ್ಲಿಷ್ ಕಲಿತವರು ಇಂಗ್ಲಿಷಿನಲ್ಲಿಯೇ ಬರೆಯುವುದು ವಿದ್ವತ್ತಿನ ಲಕ್ಷಣವೆನಿಸಿತ್ತು. ಮಾಸ್ತಿಯವರು ಆ ವಿದ್ಯೆಯ ಫಲವನ್ನು ಕನ್ನಡಕ್ಕೆ ತಂದರು. ಷೇಕ್ಸ್‌ಪಿಯರನ ನಾಟಕವನ್ನು ಕನ್ನಡಿಸಿ ‘ಲಿಯರ್ ಮಹಾರಾಜ’ ಎಂದು ಕರೆದವರು ಅವರೇ. ರಾಜ್ಯ, ಮಕ್ಕಳು, ವಿವೇಕ ಎಲ್ಲವನ್ನೂ ಕಳೆದುಕೊಂಡ ದೊರೆಯೊಬ್ಬನ ಕಥೆ ಹೀಗೆ ಅವರ ಲೇಖನಿಯ ಮೂಲಕ ಹಾದುಹೋಯಿತು.

ಮೈಸೂರು ಸರ್ಕಾರದ ಸೇವೆಯಲ್ಲಿ

ಪದವಿಯ ಹಿಂದೆಯೇ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅವರು ಅಸಿಸ್ಟೆಂಟ್ ಕಮಿಷನರಾಗಿ ಸರ್ಕಾರದ ಸೇವೆಗೆ ಸೇರಿದರು. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲ. ಆ ಮೈಸೂರಿಗೂ ತನ್ನದೊಂದು ಕಹಿನೆನಪು ಇತ್ತು. 1830ರ ನಗರ ದಂಗೆಯ ಬಳಿಕ, 1831ರಲ್ಲಿ, ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. ಅದು ಅರಸು ಮನೆತನಕ್ಕೆ ಮರಳಿದ್ದು 1881ರಲ್ಲಿ, ಅಂದರೆ ಮಾಸ್ತಿಯವರು ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು. ದೊರೆಯ ದುರಾಡಳಿತವನ್ನು ಕಾರಣವಾಗಿ ತೋರಿಸಿ ರಾಜ್ಯವನ್ನು ಕೈಗೆ ತೆಗೆದುಕೊಳ್ಳುವುದು ಹೇಗೆಂಬುದು ಮೈಸೂರಿನ ಅಧಿಕಾರಿಗಳಿಗೆ ಹಳೆಯ ಕಡತಗಳ ವಿಷಯ ಮಾತ್ರ ಆಗಿರಲಿಲ್ಲ. ತಾವು ದಕ್ಷವಾಗಿ ಆಳಬಲ್ಲೆವೆಂದು ಪ್ರತಿದಿನ ತೋರಿಸಬೇಕಾದ ಹೊಣೆ ಅವರ ಮೇಲಿತ್ತು.

ಮಾಸ್ತಿಯವರು ಈ ವ್ಯವಸ್ಥೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿದರು. ಊರಿಂದೂರಿಗೆ ವರ್ಗವಾಗುತ್ತ, ಕಂದಾಯ, ನ್ಯಾಯ, ಅಬ್ಕಾರಿ ಮೊದಲಾದ ವ್ಯವಹಾರಗಳನ್ನು ನಡೆಸುತ್ತ, ಜಿಲ್ಲಾಧಿಕಾರಿಯ ಹುದ್ದೆಯವರೆಗೆ ಬಂದರು. ಶಾನುಭೋಗನ ಲೆಕ್ಕದಿಂದ ಹಿಡಿದು ದಿವಾನರ ಆಜ್ಞೆಯವರೆಗೆ ಸರ್ಕಾರವೆಂಬುದು ಏನೆಂದು ಅವರಿಗೆ ತಿಳಿದಿತ್ತು. ಒಂದು ಆಜ್ಞೆ ಮೇಲಿನಿಂದ ಹೊರಟು ಹಳ್ಳಿಯನ್ನು ಮುಟ್ಟುವ ಹೊತ್ತಿಗೆ ಏನೇನು ಆಗುತ್ತದೆ, ಒಂದು ದೂರು ಹಳ್ಳಿಯಿಂದ ಹೊರಟು ಮೇಲೆ ತಲುಪುವಷ್ಟರಲ್ಲಿ ಹೇಗೆ ಬದಲಾಗುತ್ತದೆ ಎಂಬ ಈ ಅರಿವು ಕಥೆಗಾರನಿಗೆ ಸುಲಭವಾಗಿ ಸಿಗುವಂಥದಲ್ಲ.

‘ಶ್ರೀನಿವಾಸ’

ಅಧಿಕಾರದ ಕೆಲಸದ ನಡುವೆ ಬರವಣಿಗೆ ನಡೆದೇ ಇತ್ತು. ಅದಕ್ಕೆ ಅವರು ಇಟ್ಟುಕೊಂಡ ಹೆಸರು ‘ಶ್ರೀನಿವಾಸ’. 1920ರಲ್ಲಿ ಬಂದ ‘ಕೆಲವು ಸಣ್ಣ ಕಥೆಗಳು’ ಹೊಸಗನ್ನಡದಲ್ಲಿ ಸಣ್ಣಕಥೆಗೆ ಒಂದು ಸ್ಥಿರವಾದ ನೆಲೆಯನ್ನು ಕೊಟ್ಟಿತು. 1928ರ ‘ಸುಬ್ಬಣ್ಣ’ ನೀಳ್ಗತೆ ಸಂಗೀತಗಾರನೊಬ್ಬನ ನೋವು, ನೆಮ್ಮದಿಗಳನ್ನು ಹೇಳಿದ ಅಪೂರ್ವ ಕೃತಿ. 1929ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆಯಿತು. ಬೆಳಗಾವಿ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಕನ್ನಡಿಗರು ಹಲವು ಸರ್ಕಾರಗಳ ಕೆಳಗೆ ಹಂಚಿಹೋಗಿದ್ದ ಆ ದಿನಗಳಲ್ಲಿ ಮೈಸೂರಿನ ಅಧಿಕಾರಿಯೊಬ್ಬರನ್ನು ಅಲ್ಲಿಗೆ ಕರೆದು ಗೌರವಿಸಿದ್ದು, ಕನ್ನಡವೇ ಎಲ್ಲರ ಮನೆಯೆಂಬ ಭಾವಕ್ಕೆ ಸಾಕ್ಷಿ.

ಇತಿಹಾಸವು ಅವರ ಕಥೆಗಳಲ್ಲಿ ಮೊದಲಿನಿಂದಲೂ ಇತ್ತು. ‘ನಿಜಗಲ್ಲಿನ ರಾಣಿ’, ‘ಪೆನುಗೊಂಡೆಯ ಕೃಷ್ಣಮೂರ್ತಿ’ ಮೊದಲಾದ ಕಥೆಗಳಲ್ಲಿ ಹಿಂದಿನ ಕಾಲದ ಮನುಷ್ಯರನ್ನು ಅವರು ನೆರೆಮನೆಯವರಂತೆ ಮಾತನಾಡಿಸಿದರು. ಬುದ್ಧನ ಶಿಷ್ಯನಾದ ಸಾರಿಪುತ್ರ, ರಷ್ಯದ ಟಾಲ್‌ಸ್ಟಾಯ್ ಇವರೂ ಅವರ ಕಥೆಗಳಿಗೆ ಬಂದರು. ‘ತಾಳೀಕೋಟೆ’ ಎಂಬ ನಾಟಕದಲ್ಲಿ ವಿಜಯನಗರ ಮುರಿದುಬಿದ್ದ 1565ರ ಕದನವನ್ನೇ ವಸ್ತುವಾಗಿ ತೆಗೆದುಕೊಂಡರು.

ಬರೆಯುವುದರಷ್ಟೇ ಶ್ರದ್ಧೆಯಿಂದ ಇತರರನ್ನು ಬರೆಯಿಸಿದವರು ಮಾಸ್ತಿ. ಧಾರವಾಡದ ಬೇಂದ್ರೆಯವರು ಅವರನ್ನು ಹಿರಿಯಣ್ಣನೆಂದೇ ಭಾವಿಸಿದ್ದರು. ಜಿ. ಪಿ. ರಾಜರತ್ನಂ ಅವರಂಥ ಎಷ್ಟೋ ತರುಣರಿಗೆ ಅವರ ಬೆಂಬಲ ದಾರಿ ತೋರಿತು. ಮಾಸ್ತಿ ಕನ್ನಡದ ಆಸ್ತಿ ಎಂಬ ಮಾತು ಬಳಸಿ ಬಳಸಿ ಸವೆದಿದೆಯಾದರೂ, ಅದು ಪ್ರಾಸಕ್ಕಾಗಿ ಮಾತ್ರ ಹುಟ್ಟಿದ ಮಾತಲ್ಲ ಎಂಬುದನ್ನು ಆ ತಲೆಮಾರಿನ ಲೇಖಕರ ಬದುಕುಗಳೇ ಹೇಳುತ್ತವೆ.

1943ರ ನಿರ್ಧಾರ

ಮೈಸೂರು ಅರಮನೆಯಿಂದ ‘ರಾಜಸೇವಾಸಕ್ತ’ ಬಿರುದು ಪಡೆದಿದ್ದ ಮಾಸ್ತಿಯವರು 1943ರಲ್ಲಿ ಸೇವೆಯನ್ನು ಬಿಟ್ಟರು. ಮಂತ್ರಿಯ ಸ್ಥಾನಕ್ಕೆ ಸಮನಾದ ಪದವಿಯೊಂದು ಜ್ಯೇಷ್ಠತೆಯಂತೆ ತಮಗೆ ಬರಬೇಕಾಗಿದ್ದು, ಅದು ಕಿರಿಯರೊಬ್ಬರಿಗೆ ಹೋದದ್ದೇ ಕಾರಣ. ಎರಡೂವರೆ ದಶಕಗಳಿಗೂ ಮೀರಿದ ಸೇವೆಯ ಕೊನೆ ಹೀಗಾಯಿತು. ಸಂಬಳ, ಸ್ಥಾನ ಎರಡೂ ಇದ್ದ ಹುದ್ದೆಯನ್ನು, ದೊಡ್ಡ ಸಂಸಾರದ ಹೊಣೆ ಹೊತ್ತವರು ತೊರೆಯುವುದು ಸಣ್ಣ ವಿಷಯವಲ್ಲ. ಅವರು ಗದ್ದಲ ಮಾಡಲಿಲ್ಲ, ಯಾರ ಬಾಗಿಲಿಗೂ ಹೋಗಲಿಲ್ಲ. ಮರುವರ್ಷ, 1944ರಲ್ಲಿ, ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು 1965ರವರೆಗೆ ನಡೆಸಿದರು.

ಈ ನಿರ್ಧಾರವನ್ನು ನಾವು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಾಸ್ತಿಯವರ ಎರಡು ದೊಡ್ಡ ಚಾರಿತ್ರಿಕ ಕಾದಂಬರಿಗಳು ಬಂದದ್ದು ಇದರ ಅನಂತರವೇ. ‘ಚೆನ್ನಬಸವನಾಯಕ’ 1949ರಲ್ಲಿ, ‘ಚಿಕವೀರ ರಾಜೇಂದ್ರ’ 1956ರಲ್ಲಿ. ದೊರೆಯ ಸೇವೆಯಲ್ಲಿ ಇರುವಾತ ಎಲ್ಲಿಯವರೆಗೆ ಇರಬೇಕು, ಯಾವ ಗಳಿಗೆಯಲ್ಲಿ ಹೊರಗೆ ಬರಬೇಕು ಎಂಬ ಪ್ರಶ್ನೆಯನ್ನು ತಮ್ಮ ಬದುಕಿನಲ್ಲಿ ಎದುರಿಸಿದವರು, ಆ ಪ್ರಶ್ನೆಯ ಅತ್ಯಂತ ಕಠಿನವಾದ ರೂಪವನ್ನು ಕೊಡಗಿನ ಇತಿಹಾಸದಲ್ಲಿ ಕಂಡರೆಂದು ನಮಗೆ ಅನ್ನಿಸುತ್ತದೆ.

ಗೆಲುವಿನ ಕಥೆಗಳ ನಡುವೆ ಪತನದ ಕಥೆ

ಕನ್ನಡದಲ್ಲಿ ಚಾರಿತ್ರಿಕ ಕಾದಂಬರಿ ಮೊದಲು ಕಾಲಿಟ್ಟದ್ದು ಅನುವಾದಗಳ ಮೂಲಕ. ಬಿ. ವೆಂಕಟಾಚಾರ್ಯರು ವಂಗ ಭಾಷೆಯಿಂದ ಬಂಕಿಮಚಂದ್ರರನ್ನು ತಂದರು. ಗಳಗನಾಥರು ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿ, ವಿಜಯನಗರದ ಉದಯವನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ಸ್ವತಂತ್ರವಾಗಿ ರಚಿಸಿದರು. ಪರಾಧೀನತೆಯಲ್ಲಿದ್ದ ಜನಕ್ಕೆ ಹಿಂದಿನ ಶೌರ್ಯವನ್ನು ನೆನಪಿಸುವುದು ಆ ಕಾಲದ ಅಗತ್ಯವಾಗಿತ್ತು. ಕೋಟೆ, ಕತ್ತಿ, ಪ್ರತಿಜ್ಞೆ, ವಿಜಯ ಇವು ಅಂಥ ಕೃತಿಗಳ ಜೀವಾಳ.

ಮಾಸ್ತಿಯವರು ಹಿಡಿದ ದಾರಿ ಬೇರೆ. ಅವರ ಎರಡೂ ಕಾದಂಬರಿಗಳು ಅಂತ್ಯಗಳನ್ನು ಕುರಿತವು. 1763ರಲ್ಲಿ ಹೈದರಾಲಿಯ ಕೈಸೇರಿದ ಬಿದನೂರು ಮೊದಲನೆಯದರ ವಸ್ತು. 1834ರಲ್ಲಿ ಕಂಪನಿಯ ಕೈಸೇರಿದ ಕೊಡಗು ಎರಡನೆಯದರ ವಸ್ತು. ಎರಡರಲ್ಲಿಯೂ ಶತ್ರು ಹೊರಗಿದ್ದಾನೆ, ಆದರೆ ಬಾಗಿಲಿನ ಅಗುಳಿ ಒಳಗಿನಿಂದ ಸಡಿಲವಾಗಿದೆ. ಸ್ವಾತಂತ್ರ್ಯ ಬಂದ ಮೊದಲ ದಶಕದಲ್ಲಿ, ನಮ್ಮ ಆಡಳಿತ ನಮ್ಮ ಕೈಗೆ ಬಂದ ಹೊಸತರಲ್ಲಿ, ಮಾಸ್ತಿಯವರು ರಾಜ್ಯಗಳು ಕೈತಪ್ಪಿದ ಬಗೆಯನ್ನು ಬರೆದರು ಎಂಬುದು ಗಮನಿಸತಕ್ಕದ್ದು. ‘ಚಿಕವೀರ ರಾಜೇಂದ್ರ’ ಪ್ರಕಟವಾದ 1956ರಲ್ಲಿಯೇ, ನವೆಂಬರ್ 1ರಂದು, ಅಲ್ಲಿಯವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ವಿಶಾಲ ಮೈಸೂರಿನೊಡನೆ ಸೇರಿತು.

ಕೊಡಗಿನ ಕೊನೆಯ ಅರಸ

ಕಾದಂಬರಿಯನ್ನು ಓದಲು ಹೊರಡುವವರಿಗೆ ಇತಿಹಾಸದ ಹಂದರ ತಿಳಿದಿದ್ದರೆ ಅನುಕೂಲ. ಕೊಡಗನ್ನು ಆಳಿದ ಹಾಲೇರಿ ಮನೆತನದವರು ವೀರಶೈವರು. ಪ್ರಜೆಗಳಲ್ಲಿ ಪ್ರಬಲರು ಕೊಡವರು. ದೊಡ್ಡ ವೀರರಾಜೇಂದ್ರ ಟಿಪ್ಪು ಸುಲ್ತಾನನ ವಿರುದ್ಧ ಇಂಗ್ಲಿಷರೊಡನೆ ನಿಂತು ರಾಜ್ಯವನ್ನು ಮರಳಿ ಕಟ್ಟಿದವನು. ತನ್ನ ಮನೆತನದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಲ್ಲಿ ಬರೆಯಿಸಿದವನೂ ಅವನೇ. 1809ರಲ್ಲಿ ಅವನು ತೀರಿಕೊಂಡನು. ಅವನ ತಮ್ಮ ಲಿಂಗರಾಜ 1811ರಿಂದ 1820ರವರೆಗೆ ಆಳಿದನು. ಮಡಿಕೇರಿಯ ಕೋಟೆಯೊಳಗಿನ ಅರಮನೆ, ಓಂಕಾರೇಶ್ವರ ದೇವಾಲಯ ಇವು ಲಿಂಗರಾಜನ ಕಾಲದವು. 1820ರಲ್ಲಿ ಅವನ ಮಗ ಚಿಕವೀರ ರಾಜೇಂದ್ರ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು.

ಹದಿನಾಲ್ಕು ವರ್ಷ ನಡೆದ ಈ ಆಳ್ವಿಕೆ ಕ್ರೌರ್ಯಕ್ಕೆ ಹೆಸರಾಯಿತು. 1832ರಲ್ಲಿ ಅರಸನ ತಂಗಿ ದೇವಮ್ಮಾಜಿಯೂ ಆಕೆಯ ಗಂಡ ಚೆನ್ನಬಸವನೂ ಗಡಿ ದಾಟಿ ಇಂಗ್ಲಿಷರ ಆಶ್ರಯ ಬೇಡಿದರು. ಅವರನ್ನು ಒಪ್ಪಿಸಬೇಕೆಂದು ಅರಸ ಹಟ ಹಿಡಿದನು. ಮಲೆಯಾಳದ ಕಡೆಯಿಂದ ಕಂಪನಿಯ ಪರವಾಗಿ ಬಂದ ಕರುಣಾಕರ ಮೆನನ್ ಎಂಬ ಅಧಿಕಾರಿಯನ್ನು ಸೆರೆಯಲ್ಲಿಟ್ಟನು. 1834ರ ಏಪ್ರಿಲ್ ತಿಂಗಳಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಕೆಲವೆಡೆ ಕೊಡವ ಪಡೆ ಅದನ್ನು ಹಿಮ್ಮೆಟ್ಟಿಸಿತು. ಆದರೆ ಅರಸನ ಮನಸ್ಸು ಹೊಯ್ದಾಡಿತು. ಕಾದುವುದೋ ಶರಣಾಗುವುದೋ ಎಂಬ ಅನಿಶ್ಚಯದಲ್ಲಿ ದಿನಗಳು ಕಳೆದವು. ಕರ್ನಲ್ ಫ್ರೇಸರ್ ಮಡಿಕೇರಿಗೆ ಬಂದನು, ಅರಸ ಶರಣಾದನು. ಮೇ ತಿಂಗಳಲ್ಲಿ ಕೊಡಗು ಕಂಪನಿಯ ಸೀಮೆಯೆಂದು ಸಾರಲಾಯಿತು.

ಅರಸನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳುಹಿಸಲಾಯಿತು. ಕಂಪನಿಯ ಬಳಿ ಇದ್ದ ತನ್ನ ಮನೆತನದ ಹಣವನ್ನು ಕೇಳಿ ಪಡೆಯಲು ಅವನು 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ಹನ್ನೊಂದು ವರ್ಷದ ಆ ಬಾಲಿಕೆ ಅದೇ ವರ್ಷ ಕ್ರೈಸ್ತ ದೀಕ್ಷೆ ಪಡೆದಳು. ವಿಕ್ಟೋರಿಯಾ ರಾಣಿಯೇ ಆಕೆಗೆ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ಅರಸನಿಗೆ ಹಣ ಸಿಗಲಿಲ್ಲ. 1859ರಲ್ಲಿ ಲಂಡನ್ನಿನಲ್ಲಿ ಮರಣಹೊಂದಿದ ಅವನ ಸಮಾಧಿ ಅಲ್ಲಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ಅವನ ಹಿರಿಯರ ಗದ್ದಿಗೆಗಳು ಮಡಿಕೇರಿಯಲ್ಲಿವೆ.

ಇಷ್ಟು ಇತಿಹಾಸವನ್ನು ನಾವು ಓದುವಾಗ ಒಂದು ಎಚ್ಚರಿಕೆ ಬೇಕು. ಅರಸನ ದುಷ್ಟತನವನ್ನು ಕುರಿತ ಬರಹಗಳಲ್ಲಿ ಬಹುಪಾಲು ಅವನ ರಾಜ್ಯವನ್ನು ಕಸಿದವರ ಕಡೆಯಿಂದ ಬಂದವು. ಕಂಪನಿಗೆ ತನ್ನ ಕೃತ್ಯವನ್ನು ಸಮರ್ಥಿಸಿಕೊಳ್ಳಲು ದುಷ್ಟನಾದ ಅರಸನೊಬ್ಬ ಬೇಕಾಗಿದ್ದನು. ಹಾಗೆಂದು ಅರಸ ನಿರ್ದೋಷಿಯೆನ್ನಲು ಬಾರದು. ಈ ಇಕ್ಕಟ್ಟಿನ ನಡುವೆ ಕಾದಂಬರಿಕಾರ ನಿಲ್ಲಬೇಕಾಗಿತ್ತು.

ಓದುವ ಬಗೆ

ಮಾಸ್ತಿಯವರು ನಿಂತ ರೀತಿ ಅವರ ಬದುಕಿಗೆ ತಕ್ಕದ್ದು. ಅವರು ಅರಸನನ್ನು ಬಿಡಿಸಿಕೊಳ್ಳಲು ವಾದಿಸುವುದಿಲ್ಲ, ಶಿಕ್ಷಿಸಲು ಆತುರಪಡುವುದೂ ಇಲ್ಲ. ಒಳ್ಳೆಯ ಅಧಿಕಾರಿ ವಿಚಾರಣೆ ನಡೆಸುವಂತೆ ಎಲ್ಲರ ಮಾತನ್ನೂ ಕೇಳುತ್ತಾರೆ. ರಾಣಿ ಗೌರಮ್ಮನಿಗೆ ಗಂಡನ ಮೇಲಿನ ನಿಷ್ಠೆಯಿದೆ, ಅವನ ತಪ್ಪಿನ ಅರಿವೂ ಇದೆ. ಅರಸನ ಬಾಲ್ಯದ ಒಡನಾಡಿಯಾಗಿದ್ದು ಅನಂತರ ಮಂತ್ರಿಯಾದ ಕುಂಟ ಬಸವ, ಅರಸನ ಕೆಟ್ಟ ಆಸೆಗಳಿಗೆ ಕೈಯಾಗಿದ್ದಾನೆ. ಅವನಿಗೂ ಒಂದು ನೋವಿದೆ. ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇಬ್ಬರೂ ಯೋಗ್ಯರು, ಇಬ್ಬರ ಸ್ವಭಾವ ಬೇರೆ ಬೇರೆ. ದೇವಮ್ಮಾಜಿಗೂ ಚೆನ್ನಬಸವನಿಗೂ ಅವರವರ ಭಯವಿದೆ, ಅವರವರ ಆಸೆಯಿದೆ. ಇಂಗ್ಲಿಷ್ ಅಧಿಕಾರಿಗಳು ಸಭ್ಯವಾಗಿ ಮಾತನಾಡುತ್ತಾರೆ, ಕಾಗದಗಳನ್ನು ಕ್ರಮವಾಗಿ ಬರೆಯುತ್ತಾರೆ, ಕಾಯುತ್ತಾರೆ.

ಆದುದರಿಂದ ಈ ಕಾದಂಬರಿಯಲ್ಲಿ ನಾಯಕನನ್ನು ಹುಡುಕಿ ಹೊರಟವರಿಗೆ ನಿರಾಶೆಯಾಗುತ್ತದೆ. ದೊಡ್ಡ ಯುದ್ಧದ ವರ್ಣನೆಗಾಗಿ ಕಾದವರಿಗೂ ಹಾಗೆಯೇ. ಇಲ್ಲಿ ನಡೆಯುವುದು ಮಾತುಕತೆ, ಓಲೆ, ಭೇಟಿ, ಅನುಮಾನ, ಹಬ್ಬ, ಊಟ, ಜಾತಕ, ಹರಕೆ. ಅರಮನೆಯ ಹಿತ್ತಲಿನಲ್ಲಿ ಆಡಿದ ಒಂದು ಮಾತು ಎಷ್ಟೋ ಪುಟಗಳ ಅನಂತರ ಗಡಿಯಾಚೆಯಲ್ಲಿ ಫಲ ಕೊಡುತ್ತದೆ. ಒಂದು ಅವಮಾನ ಮರೆತುಹೋಯಿತೆಂದು ಓದುಗ ತಿಳಿದಿರುವಾಗ ಅದು ತಲೆಯೆತ್ತುತ್ತದೆ. ಈ ಸಣ್ಣ ಸಂಗತಿಗಳನ್ನು ಹಾರಿಸಿ ಓದಿದರೆ ಕಾದಂಬರಿ ಕೈಗೆ ಸಿಗದು, ಏಕೆಂದರೆ ಪತನವು ಆ ಸಂಗತಿಗಳಲ್ಲಿಯೇ ನಡೆದಿದೆ. ಸೈನ್ಯ ಬರುವ ಹೊತ್ತಿಗೆ ರಾಜ್ಯ ಆಗಲೇ ಬಿದ್ದುಹೋಗಿದೆ. ಸೈನ್ಯ ಅದನ್ನು ಎತ್ತಿಕೊಂಡು ಹೋಗುತ್ತದೆ ಅಷ್ಟೆ.

ಭಾಷೆಯ ಬಗ್ಗೆಯೂ ಒಂದು ಮಾತು. ಮಾಸ್ತಿಯವರ ಗದ್ಯದಲ್ಲಿ ಅಲಂಕಾರ ಕಡಿಮೆ. ಭೀಕರವಾದ ಘಟನೆಯನ್ನೂ ಮೆಲುದನಿಯಲ್ಲಿ ಹೇಳಿ ಮುಂದೆ ಸಾಗುತ್ತಾರೆ. ರೋಚಕತೆಗೆ ಒಗ್ಗಿದ ಓದುಗರಿಗೆ ಇದು ಸಪ್ಪೆಯೆನಿಸಬಹುದು. ಆದರೆ ಆ ಸಮಾಧಾನವೇ ಓದುಗನನ್ನು ಯೋಚಿಸಲು ಬಿಡುತ್ತದೆ. ಅರಸನನ್ನು ಕಂಡು ಸಿಟ್ಟಾಗುವ ಮೊದಲೇ, ಈ ಹುಡುಗನನ್ನು ಹೀಗೆ ಬೆಳೆಸಿದವರು ಯಾರು, ಅವನ ಮೊದಲ ತಪ್ಪನ್ನು ನಗುತ್ತ ಸಹಿಸಿದವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಏಳುತ್ತದೆ.

ಹೊಸದಾಗಿ ಓದುವವರಿಗೆ ನಮ್ಮ ಸಲಹೆ ಇಷ್ಟು. ಮೊದಲು ಪಾತ್ರಗಳ ಹೆಸರುಗಳನ್ನೂ ಅವರ ಸಂಬಂಧಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೊಡಗಿನ ಭೂಪಟವೊಂದು ಪಕ್ಕದಲ್ಲಿರಲಿ. ದಿನಕ್ಕೆ ಕೆಲವೇ ಅಧ್ಯಾಯಗಳನ್ನು ಓದಬೇಕು. ಮನೆಯಲ್ಲಿ ಕನ್ನಡ ಓದಲು ಬಾರದ ಮಕ್ಕಳಿದ್ದರೆ ಅವರಿಗೆ ಗಟ್ಟಿಯಾಗಿ ಓದಿ ಹೇಳಬಹುದು. ಮಾಸ್ತಿಯವರ ವಾಕ್ಯಗಳು ಕಿವಿಗೆ ಚೆನ್ನಾಗಿ ಒಪ್ಪುತ್ತವೆ. ಕವಿ ರಾಮಚಂದ್ರ ಶರ್ಮರು ಮಾಡಿದ ಇಂಗ್ಲಿಷ್ ಅನುವಾದ 1992ರಲ್ಲಿ ಬಂದಿದೆ. ಅನ್ಯಭಾಷೆಯ ಮಿತ್ರರಿಗೆ ಅದನ್ನು ಕೊಡಬಹುದು.

ಮಂತ್ರಿಗಳ ಪ್ರಶ್ನೆ

ಕಾದಂಬರಿಯ ಹೃದಯವೆಲ್ಲಿದೆ ಎಂದು ಕೇಳಿದರೆ, ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯನವರ ಸಂಕಟದಲ್ಲಿ ಎಂದು ನಾವು ಹೇಳುತ್ತೇವೆ. ಅರಸನ ಉಪ್ಪು ಉಂಡವರು ಅವರು. ಅರಸ ಪ್ರಜೆಗಳಿಗೆ ಕಂಟಕನಾಗಿರುವುದನ್ನು ಬಲ್ಲವರೂ ಅವರೇ. ಅವನ ಜೊತೆಗಿದ್ದರೆ ಅವನ ಪಾಪದಲ್ಲಿ ಪಾಲು ಬರುತ್ತದೆ. ಬಿಟ್ಟುಹೋದರೆ ಉಳಿದ ಅಂಕುಶವೂ ಹೋಗುತ್ತದೆ. ಇಂಗ್ಲಿಷರ ನೆರವು ಪಡೆದರೆ ಅರಸನನ್ನು ತಡೆಯಬಹುದು, ಆದರೆ ಮನೆಗೆ ಬಂದ ಆ ನೆರವು ಮತ್ತೆ ಹೊರಗೆ ಹೋಗುತ್ತದೆಯೆ? ಇತಿಹಾಸದಲ್ಲಿ ಅಪ್ಪಾರಂಡ ಬೋಪು ದಿವಾನನೇ ಫ್ರೇಸರನ ಸೈನ್ಯವನ್ನು ಎದುರುಗೊಂಡು ಕೊಡಗಿನೊಳಗೆ ಕರೆತಂದನು. ಇದನ್ನು ದ್ರೋಹವೆಂದು ಕರೆಯುವವರಿದ್ದಾರೆ, ನಾಡನ್ನು ರಕ್ತಪಾತದಿಂದ ಉಳಿಸಿದ ವಿವೇಕವೆಂದು ಕರೆಯುವವರೂ ಇದ್ದಾರೆ.

ಮಾಸ್ತಿಯವರು ತೀರ್ಪನ್ನು ನಮ್ಮ ಕೈಗೆ ಬಿಟ್ಟಿದ್ದಾರೆ. ಆದರೆ ಒಂದು ವಿಷಯವನ್ನು ಅವರು ಸ್ಪಷ್ಟವಾಗಿ ಕಾಣಿಸುತ್ತಾರೆ. ಆ ಕೊನೆಯ ದಿನದಲ್ಲಿ ಮಂತ್ರಿಗಳ ಮುಂದೆ ಒಳ್ಳೆಯ ದಾರಿಯೇ ಉಳಿದಿರಲಿಲ್ಲ. ಒಳ್ಳೆಯ ದಾರಿಗಳು ಇದ್ದದ್ದು ವರ್ಷಗಳ ಹಿಂದೆ, ಮೊದಲ ಅನ್ಯಾಯ ನಡೆದಾಗ, ಇದು ಸಲ್ಲದು ಎಂದು ಎಲ್ಲರೂ ಸೇರಿ ಹೇಳಬಹುದಾಗಿದ್ದ ಗಳಿಗೆಯಲ್ಲಿ. ಆ ಗಳಿಗೆ ಮೌನದಲ್ಲಿ ಕಳೆದುಹೋಯಿತು. ತಮ್ಮ ಮಟ್ಟಿಗೆ ಸಮಯದಲ್ಲಿಯೇ ಇಲ್ಲವೆಂದು ಹೇಳಿ, ರಾಜೀನಾಮೆ ಕೊಟ್ಟು ಹೊರಬಂದ ಅಧಿಕಾರಿಯೊಬ್ಬರು ಇದನ್ನು ಬರೆದಿದ್ದಾರೆ ಎಂಬುದನ್ನು ನೆನೆದರೆ, ಪುಟಗಳ ತೂಕ ಹೆಚ್ಚುತ್ತದೆ. ಮಾಸ್ತಿಯವರಿಗೆ ಆದ ಅನ್ಯಾಯ ಕೊಡಗಿನ ಪ್ರಜೆಗಳಿಗೆ ಆದುದರ ಪಕ್ಕದಲ್ಲಿ ನಿಲ್ಲುವಂಥದಲ್ಲ, ನಿಜ. ಆದರೂ ಸೇವೆಗೂ ಆತ್ಮಗೌರವಕ್ಕೂ ನಡುವಿನ ಗೆರೆ ಎಲ್ಲಿದೆಯೆಂದು ಅವರು ಅನುಭವದಿಂದ ಬಲ್ಲವರಾಗಿದ್ದರು.

ರಾಜರು ಹೋಗಿದ್ದಾರೆ, ಮಂತ್ರಿಗಳ ಪ್ರಶ್ನೆ ಉಳಿದಿದೆ. ಕಚೇರಿಯಲ್ಲಿ, ಸಂಸ್ಥೆಯಲ್ಲಿ, ನಮ್ಮಂಥ ಸಂಘಗಳಲ್ಲಿಯೂ ಕೂಡ, ಹಿರಿಯರೊಬ್ಬರು ತಪ್ಪುದಾರಿ ಹಿಡಿದಾಗ ಜೊತೆಯಲ್ಲಿರುವವರು ಏನು ಮಾಡಬೇಕು? ಸುಮ್ಮನಿದ್ದು ಒಳಗಿನಿಂದ ತಿದ್ದಲು ನೋಡಬೇಕೆ, ಹೊರಬರಬೇಕೆ? ಈ ಪ್ರಶ್ನೆ ಇರುವವರೆಗೆ ‘ಚಿಕವೀರ ರಾಜೇಂದ್ರ’ ಹಳೆಯ ಪುಸ್ತಕವಾಗುವುದಿಲ್ಲ.

ಕೊನೆಯ ವರ್ಷಗಳು

ಕಾದಂಬರಿ ಬಂದ ಮೇಲೆ ಮಾಸ್ತಿಯವರು ಮೂವತ್ತು ವರ್ಷ ಬದುಕಿದರು, ಬರೆಯುತ್ತಲೇ ಇದ್ದರು. 1968ರಲ್ಲಿ ಸಣ್ಣಕಥೆಗಳಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮುಂದೆ ಅದೇ ಅಕಾಡೆಮಿಯ ಫೆಲೋಷಿಪ್ ಕೂಡ ದೊರೆಯಿತು. ‘ಶ್ರೀರಾಮ ಪಟ್ಟಾಭಿಷೇಕ’ವೆಂಬ ಕಾವ್ಯವನ್ನು ಎಂಬತ್ತರ ಹೊಸ್ತಿಲಿನಲ್ಲಿ ನೀಡಿದರು. ಅರಸುತನ ಕಳೆದುಹೋದ ಕಥೆಯನ್ನು ಹೇಳಿದವರು ಒಳ್ಳೆಯ ಅರಸುತನ ನೆಲೆಗೊಳ್ಳುವ ಕಥೆಯನ್ನೂ ಹೇಳಿ ಮುಗಿಸಿದರೆನ್ನಬಹುದು. ‘ಭಾವ’ ಎಂಬ ಮೂರು ಸಂಪುಟಗಳಲ್ಲಿ ಆತ್ಮಕಥೆಯನ್ನು ಬರೆದರು. ಅವರ ನಾಟಕ ‘ಕಾಕನಕೋಟೆ’ 1977ರಲ್ಲಿ ಚಲನಚಿತ್ರವಾಯಿತು.

ಬೆಂಗಳೂರಿನ ಗವಿಪುರದ ಮನೆಯಿಂದ ಕೋಟು ತೊಟ್ಟು, ಕೊಡೆ ಹಿಡಿದು, ಹಣೆಯ ಮೇಲಿನ ನಾಮದೊಡನೆ ಸಂಜೆ ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟು ಆಡಲು ನಡೆದುಹೋಗುತ್ತಿದ್ದ ಮಾಸ್ತಿಯವರ ಚಿತ್ರ ಆ ಕಾಲದ ಬೆಂಗಳೂರಿಗರ ಮನಸ್ಸಿನಲ್ಲಿ ಅಚ್ಚಾಗಿ ಉಳಿಯಿತು. ಪ್ರಶಸ್ತಿ ಬಂದರೂ ಬಾರದಿದ್ದರೂ ಆ ನಡಿಗೆ ಬದಲಾಗಲಿಲ್ಲ. 1986ರ ಜೂನ್ 6ರಂದು, ತೊಂಬತ್ತೈದು ವರ್ಷ ತುಂಬಿದ ಹುಟ್ಟುಹಬ್ಬದ ದಿನವೇ, ಅವರು ನಿಧನರಾದರು.

ಪ್ರತಿವರ್ಷ ಜೂನ್ 6 ಬಂದಾಗ ಹುಟ್ಟಿದ ದಿನವೂ ಅಗಲಿದ ದಿನವೂ ಒಂದೇ ಆಗಿರುವ ಈ ಹಿರಿಯರನ್ನು ಕನ್ನಡ ಸಂಘಗಳು ನೆನೆಯುತ್ತವೆ. ಭಾವಚಿತ್ರಕ್ಕೆ ಹಾರ ಹಾಕಿ, ಎರಡು ಭಾಷಣ ಕೇಳಿ ಮನೆಗೆ ಮರಳುವುದು ಸುಲಭ. ಅದರೊಂದಿಗೆ, ಆ ದಿನದಿಂದ ಆರಂಭಿಸಿ ರಾಜ್ಯೋತ್ಸವದ ವೇಳೆಗೆ ಮುಗಿಯುವಂತೆ, ನಾಲ್ಕಾರು ಮಂದಿ ಸೇರಿ ‘ಚಿಕವೀರ ರಾಜೇಂದ್ರ’ವನ್ನು ಓದಿದರೆ ಹೇಗೆ? ಬೋಪಣ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಓದುಗರು ತಮ್ಮತಮ್ಮಲ್ಲಿ ವಾದಿಸುವಂತಾದರೆ, ಅದಕ್ಕಿಂತ ಹೆಚ್ಚಿನ ಗೌರವವನ್ನು ಮಾಸ್ತಿಯವರಿಗೆ ನಾವು ಸಲ್ಲಿಸಲಾರೆವು.